ಸಾಸಿವೆ ಡಬ್ಬಿಯ ಸೆಲ್ಲು

ಮದುವೆಯೂಟಕ್ಕೆ ಹೋದಾಗ ಪಕ್ಕದ ಎಲೆಯವರು "ತಾವು ಎಂತ ಮಾಡಿಕೊಂಡಿದ್ದೀರಿ?" ಎಂದು ಕೇಳಿದರೆ ಈಚೆಗೆ ನಾನು "ಮಣಿಪಾಲದಲ್ಲಿ ಕೆಲಸ" ಎಂದಷ್ಟೇ ಹೇಳಿ ಸಾರಿನ ಕಡೆ ಗಮನ ಕೊಡುತ್ತೇನೆ. ಕಂಪ್ಯೂಟರಿನ ಕೆಲಸ ಎಂದು ಬಾಯಿಬಿಟ್ಟರೆ ಪಾಯಸ ಬರುವುದರೊಳಗೆ ಯಾರದೋ ಮೊಬೈಲು ನನ್ನ ಎಲೆಯ ತುದಿಗೆ ಬಂದಿರುತ್ತದೆ. ಅದರಲ್ಲಿ ಮೊಮ್ಮಗುವಿನ ಫೋಟೋ ಕಾಣಿಸುತ್ತಿಲ್ಲ, ಇಲ್ಲವೇ ಬೇಡವೆಂದರೂ ಯಾವುದೋ ಹಾಡು ತನ್ನಷ್ಟಕ್ಕೆ ಹಾಡುತ್ತಿರುತ್ತದೆ. ಇಪ್ಪತ್ತು ವರ್ಷಗಳಿಂದ ಒಂದು ಕಚೇರಿಯ ಸರ್ವರುಗಳನ್ನು ನೋಡಿಕೊಳ್ಳುತ್ತಿರುವ ನನಗೆ ಮೊಬೈಲಿನ ಸಂಗತಿ ಗೊತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಸೊಕ್ಕು ಎಂದುಕೊಳ್ಳುತ್ತಾರೆ. ಸೊಕ್ಕು ಇದ್ದದ್ದು ಹೌದು, ಸುಳ್ಳು ಹೇಳುವುದಿಲ್ಲ. ಆದರೆ ಅದು ಕಳೆದ ತಿಂಗಳು ಕಾಪುವಿನ ಒಂದು ಮಾಳಿಗೆ ಕೋಣೆಯಲ್ಲಿ ಇಳಿಯಿತು. ಇಳಿಸಿದವರು ನನಗೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ಜಲಜ ಟೀಚರು.

ಟೀಚರು ನಿವೃತ್ತರಾದ ಮೇಲೆ ಕಾಪುವಿನಲ್ಲಿ ನಮ್ಮ ಸಮಾಜದವರ ಸಭಾಭವನದ ಮಾಳಿಗೆಯಲ್ಲಿ ವಧೂವರರ ಮಾಹಿತಿ ಕೇಂದ್ರವೊಂದನ್ನು ನಡೆಸುತ್ತಿದ್ದಾರೆ. ಒಂದು ಮೇಜು, ಒಂದು ಕಬ್ಬಿಣದ ಕಪಾಟು, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು, ಒಂದು ಪಂಚಾಂಗ, ಒಂದು ಕಂಪ್ಯೂಟರು. ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಹಾಕಿದ ಸೀರೆಯುಟ್ಟು ಬಂದು ಕ್ಯಾಲೆಂಡರಿನ ಹಾಳೆ ಹರಿದು, ಅಂದಿನ ರಾಹುಕಾಲ ಎಷ್ಟರಿಂದ ಎಷ್ಟರವರೆಗೆ ಎಂದು ನೋಡಿ, ಆಮೇಲೆ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ರಾಹುಕಾಲದಲ್ಲಿ ಅವರು ಯಾರ ಜಾತಕವನ್ನೂ ತೆರೆಯುವುದಿಲ್ಲ. ಆ ಒಂದೂವರೆ ಗಂಟೆ ಕಂಪ್ಯೂಟರಿಗೂ ವಿರಾಮ. ಟೀಚರೂ ನಾನೂ ಮನೆಯಲ್ಲಿ ಮಾತಾಡುವುದು ತುಳು. ಆದರೆ ಎದುರಾಬದುರಾದರೆ ಇಬ್ಬರೂ ಕನ್ನಡಕ್ಕೆ ತಿರುಗುತ್ತೇವೆ. ಅವರ ತರಗತಿಯಲ್ಲಿ ತುಳು ಮಾತಾಡಿದವರು ಬೆಂಚಿನ ಮೇಲೆ ನಿಲ್ಲಬೇಕಿತ್ತು. ನಲವತ್ತೈದು ದಾಟಿದರೂ ನನ್ನ ಕಾಲುಗಳಿಗೆ ಆ ಬೆಂಚಿನ ನೆನಪುಂಟು.

ಕೇಂದ್ರದ ನಿಜವಾದ ಆಸ್ತಿ ಎಂದರೆ ಆ ಕಂಪ್ಯೂಟರಿನಲ್ಲಿದ್ದ ಷರಾ ಎಂಬ ಕಾಲಂ. ಹೆಸರು, ನಕ್ಷತ್ರ, ಎತ್ತರ, ಓದು, ಉದ್ಯೋಗ ಇವೆಲ್ಲ ಯಾವ ಮೊಬೈಲಿನಲ್ಲೂ ಸಿಗುತ್ತವೆ. ಷರಾ ಸಿಗುವುದಿಲ್ಲ. ಟೀಚರು ಪ್ರತಿಯೊಂದು ಮನೆಗೂ ಹೋಗಿ, ಚಾ ಕುಡಿದು, ಅಡುಗೆಮನೆಯ ಬಾಗಿಲಿನವರೆಗೆ ಕಣ್ಣು ಹಾಯಿಸಿ ಬಂದು ಬರೆದ ಮಾತುಗಳವು. ಹೆಸರು ಬಿಟ್ಟು ಅವರೇ ಬಾಯಲ್ಲಿ ಹೇಳಿದ್ದರಿಂದ ಕೆಲವು ನನಗೆ ಗೊತ್ತು. "ಹುಡುಗಿಗೆ ಹಾಡು ಬರುತ್ತದೆ ಎಂದು ಬರೆದಿದ್ದಾರೆ. ಬರುವುದಿಲ್ಲ." "ಅತ್ತೆಗೆ ಮಾತು ಜಾಸ್ತಿ, ಮನಸ್ಸು ಒಳ್ಳೆಯದು." "ಹುಡುಗ ದುಬೈಯಲ್ಲಿ. ಉಚ್ಚಿಲದ ಬಂಗುಡೆ ಮೀನು ನೆನೆದು ಕಣ್ಣೀರು ಹಾಕಿದ. ಊರಿಗೆ ವಾಪಸು ಬರುವವನೇ." ಇಂಥ ಒಂದೊಂದು ಸಾಲೂ ಒಂದೊಂದು ಮನೆಯನ್ನು ಉಳಿಸಿದೆ ಎಂದು ನನ್ನ ನಂಬಿಕೆ. ಈ ಷರಾ ಟೀಚರನ್ನು ಬಿಟ್ಟು ಬೇರೆ ಯಾರೂ ನೋಡುವಂತಿಲ್ಲ. ನೋಡಿದರೆ ಕಾಪುವಿನಿಂದ ಕಾರ್ಕಳದವರೆಗೆ ಅರ್ಧ ಸಂಬಂಧಿಕರು ಮಾತು ಬಿಡಬೇಕಾಗುತ್ತದೆ. ಇಷ್ಟೆಲ್ಲ ಇಟ್ಟುಕೊಂಡಿದ್ದ ಕಂಪ್ಯೂಟರು ಈ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಸಣ್ಣಗೆ ಸದ್ದು ಮಾಡಿ ಶಾಶ್ವತವಾಗಿ ಮಲಗಿತು.

ಮಾಹಿತಿಯೇನೋ ಭದ್ರವಾಗಿತ್ತು. ಟೀಚರು ಪ್ರತಿ ಶುಕ್ರವಾರ ದೇವರ ಪಟಕ್ಕೆ ಹೂ ಮುಡಿಸಿದ ಮೇಲೆ ತಪ್ಪದೆ ಪೆನ್‌ಡ್ರೈವಿಗೆ ಪ್ರತಿ ತೆಗೆದಿಡುತ್ತಿದ್ದರು. ಆದರೆ ಆ ಪ್ರತಿಯನ್ನು ಬಿಚ್ಚಿ ಓದಬೇಕಾದರೆ ಇನ್ನೊಂದು ಯಂತ್ರ ಬೇಕು, ಅದರಲ್ಲಿ ಡೇಟಾಬೇಸ್ ತಂತ್ರಾಂಶ ಇರಬೇಕು. ಅತ್ತ ಬರುವ ಭಾನುವಾರ ಕಾರ್ಕಳದಲ್ಲಿ ವಧೂವರರ ಸಮಾವೇಶ ನಿಗದಿಯಾಗಿತ್ತು. ಇತ್ತ ಸಮಾಜದ ಅಧ್ಯಕ್ಷರು ಬಂದು, "ಟೀಚರೇ, ಈಗ ಎಲ್ಲ ಮೊಬೈಲಿನಲ್ಲೇ ಉಂಟಲ್ಲ. ಭಾನುವಾರಕ್ಕೆ ನಿಮ್ಮ ಪಟ್ಟಿ ತಯಾರಾದರೆ ಸರಿ. ಆಗದಿದ್ದರೆ ಈ ಕೋಣೆ ಅಡುಗೆ ಪಾತ್ರೆ ಇಡ್ಲಿಕ್ಕೆ ಆಗ್ತದೆ" ಎಂದು ವಿನಯದಿಂದಲೇ ಹೇಳಿ ಹೋಗಿದ್ದರು. ಟೀಚರು ನನಗೆ ಫೋನು ಮಾಡಿದರು. ಬೇಸರವನ್ನು ತೋರಿಸಿಕೊಳ್ಳುವ ಪೈಕಿ ಅಲ್ಲ ಅವರು. ಎಲ್ಲ ಹೇಳಿ ಮುಗಿಸಿದ ಮೇಲೆ, "ಸದಾನಂದ, ಈ ಕೋಣೆಗೆ ಬೀಗ ಬಿದ್ದರೆ ನಾನು ಬೆಳಿಗ್ಗೆ ಸೀರೆ ಉಟ್ಟು ಎಲ್ಲಿಗೆ ಹೋಗುವುದು ಮಾರಾಯ?" ಎಂದರು. ನಾನು ಆ ಕೂಡಲೇ ಗುರುವಾರದಿಂದ ಮೂರು ದಿನ ರಜೆ ಬರೆದುಕೊಟ್ಟೆ. ಅರ್ಧ ದಿನದ ಕೆಲಸ ಎಂದೇ ನನ್ನ ಲೆಕ್ಕವಿತ್ತು. ಉಳಿದ ಎರಡೂವರೆ ದಿನ ಕಾಪುವಿನ ಕಡಲ ಕರೆಯಲ್ಲಿ ಕುಳಿತು ಗಾಳಿ ತಿನ್ನುವ ಯೋಜನೆ.

ಯಂತ್ರ ನನ್ನಲ್ಲೇ ಇತ್ತು. ನಮ್ಮ ಕಚೇರಿಯವರು ಬೇಸಗೆಯಲ್ಲಿ ಹಳೆಯ ಸರ್ವರುಗಳನ್ನು ವಿಲೇವಾರಿ ಮಾಡಿದಾಗ ಒಂದನ್ನು ಕೇಳಿ ಪಡೆದು ಕಾರ್ಕಳದ ಮನೆಗೆ ತಂದಿದ್ದೆ. ತಂದ ಮೇಲೆ ನಾಲ್ಕು ತಿಂಗಳ ಮಳೆಯಿಂದ ಅದನ್ನು ಕಾಪಾಡಬೇಕಲ್ಲ. ಮಳೆಗಾಲದಲ್ಲಿ ವಸ್ತುಗಳನ್ನು ಕಾಪಾಡುವ ವಿದ್ಯೆ ನನಗೆ ಅಮ್ಮನಿಂದ ಬಂದದ್ದು. ಮೇ ತಿಂಗಳ ಕೊನೆಯಲ್ಲಿ ಪಡುವಣದಲ್ಲಿ ಮೊದಲ ಮೋಡ ಕಂಡಿತೆಂದರೆ ಅಮ್ಮ ಸೊಂಟಕ್ಕೆ ಸೆರಗು ಕಟ್ಟುತ್ತಿದ್ದಳು. ಚಾಪೆ ಅಟ್ಟಕ್ಕೆ, ಹಪ್ಪಳ ತಗಡಿನ ಡಬ್ಬಕ್ಕೆ, ಅಪ್ಪನ ಒಂದೇ ಒಂದು ಕೋಟು ಮೈ ಒರೆಸುವ ಹಳೆಯ ಬೈರಾಸಿನೊಳಗೆ. ಆಮೇಲೆ ಸೆಲ್ಲುಗಳ ಸರದಿ. ಬಳಸದ ಟಾರ್ಚು, ಅಪ್ಪ ಹೋದ ಮೇಲೆ ಅಪರೂಪಕ್ಕೆ ಹಾಕುವ ರೇಡಿಯೋ, ನನ್ನ ಆಟಿಕೆಯ ಬಸ್ಸು, ಎಲ್ಲದರ ಹೊಟ್ಟೆಯಿಂದ ಸೆಲ್ಲು ತೆಗೆಯುತ್ತಿದ್ದಳು. ತೆಗೆಯದಿದ್ದರೆ ಥಂಡಿಗೆ ನೀರು ಬಿಟ್ಟು ಇಡೀ ಸಾಮಾನನ್ನೇ ತಿಂದುಹಾಕುತ್ತದೆ ಎಂದು ಅವಳ ಶಾಸ್ತ್ರ. ತೆಗೆದ ಸೆಲ್ಲುಗಳು ಹೋಗುತ್ತಿದ್ದದ್ದು ಒಲೆಯ ಮೇಲಿನ ಹಲಗೆಯ ಸಾಸಿವೆ ಡಬ್ಬಿಗೆ. ಮನೆಯಲ್ಲೆಲ್ಲ ಥಂಡಿ ಹತ್ತದ ಒಂದೇ ಜಾಗ ಅದು. ನವರಾತ್ರಿ ಹೊತ್ತಿಗೆ ಹೊರಗೆ ಬಂದ ಸೆಲ್ಲುಗಳನ್ನು ಅಂಗಳದ ದಂಡೆಯ ಮೇಲೆ ಬಿಸಿಲಿಗೆ ಇಟ್ಟು ಕಾಯುತ್ತಿದ್ದೆವು. ರೇಡಿಯೋ ಮತ್ತೆ ಮಾತಾಡಿದಾಗ ಅದರ ಸ್ವರಕ್ಕೂ ಸ್ವಲ್ಪ ಸಾಸಿವೆಯ ಪರಿಮಳ ಇರುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅಮ್ಮ ಹೋಗಿ ಐದು ವರ್ಷವಾಯಿತು. ಡಬ್ಬಿ ನಮ್ಮ ಕಾರ್ಕಳದ ಮನೆಯಲ್ಲಿ ಹಾಗೆಯೇ ಉಂಟು. ಅವಳ ಶಾಸ್ತ್ರದಂತೆ ಸರ್ವರಿಗೂ ಏನೇನು ಮಾಡಬೇಕೋ ಅದನ್ನೆಲ್ಲ ಶ್ರದ್ಧೆಯಿಂದ ಮಾಡಿ, ಹಳೆಯ ಬೆಡ್‌ಶೀಟು ಸುತ್ತಿ, ಬೂಸರು ಬಾರದಂತೆ ಪಕ್ಕದಲ್ಲೊಂದು ಬಲ್ಬು ಉರಿಸಿ ಮಳೆಗಾಲ ದಾಟಿಸಿದ್ದೆ.

ಗುರುವಾರ ಬೆಳಿಗ್ಗೆ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕಾಪುವಿಗೆ ತಂದೆ. ಚಾಲೂ ಆಯಿತು. ಕಪ್ಪು ಪರದೆಯ ಮೇಲೆ ಎರಡು ಸಾಲು ಬರಹ ಬಂದು, ಮುಂದುವರಿಯಲು ಇಂಥ ಕೀಲಿ ಒತ್ತಿರಿ ಎಂದಿತು. ಒತ್ತಿದೆ. ಸರ್ವರಿಗೆ ಬೇಕಾದ ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವಿನಿಂದ ಹಾಕಿದೆ. ಬೆಣ್ಣೆಯಲ್ಲಿ ಚೂರಿ ಇಳಿದಷ್ಟು ಸಲೀಸಾಗಿ ಆಯಿತು. ಬೇಡದ ಸೇವೆಗಳನ್ನೆಲ್ಲ ಹುಡುಕಿ ಹುಡುಕಿ ನಿಲ್ಲಿಸಿದೆ. ಸರ್ವರಿನಲ್ಲಿ ಅನಗತ್ಯವಾದದ್ದು ಒಂದೂ ಓಡಬಾರದು ಎಂಬುದು ನನ್ನ ಶಿಸ್ತು, ಕಚೇರಿಯ ಕಿರಿಯರಿಗೆ ನಾನು ಪದೇ ಪದೇ ಹೇಳುವ ಪಾಠ. ಇನ್ನು ಡೇಟಾಬೇಸ್ ಹಾಕುವುದಷ್ಟೇ ಬಾಕಿ ಎನ್ನುವಾಗ ಟೀಚರು ಗೋಡೆ ಗಡಿಯಾರ ನೋಡಿ, "ಒಂದೂವರೆ ಆಯ್ತು. ಮೂರರವರೆಗೆ ರಾಹುಕಾಲ. ಹೊಸ ಕೆಲಸ ಈಗ ಶುರು ಮಾಡುವುದು ಬೇಡ" ಎಂದರು. "ಟೀಚರ್, ಇದಕ್ಕೆಲ್ಲ ರಾಹುಕಾಲ ಇಲ್ಲ" ಎಂದೆ. "ನಿನಗೆ ಇಲ್ಲದೆ ಇರಬಹುದು" ಎಂದು ಅವರು ಬುತ್ತಿ ಬಿಚ್ಚಿದರು. ನಾನು ಮಂದಹಾಸ ಬೀರುತ್ತ ಆದೇಶ ಕೊಟ್ಟೆ. ಈ ತಂತ್ರಾಂಶ ಅಂತರ್ಜಾಲದ ಒಂದು ಉಗ್ರಾಣದಿಂದ ಬರಬೇಕು. ತರುವ ಮೊದಲು ನಮ್ಮ ಸರ್ವರು ಆ ಉಗ್ರಾಣದವರ ಗುರುತುಪತ್ರ ಪರಿಶೀಲಿಸುತ್ತದೆ. ಪರಿಶೀಲಿಸಿತು. ಹತ್ತು ಹನ್ನೆರಡು ಸಾಲು ಇಂಗ್ಲಿಷ್ ಬರಹ ಸರಸರನೆ ಹರಿದು, ಕೊನೆಯಲ್ಲಿ 'ವಿಫಲ' ಎಂಬ ಅರ್ಥದ ಒಂದು ಪದ ಉಳಿಯಿತು.

ಇಲ್ಲಿ ನನ್ನ ಒಂದು ದೌರ್ಬಲ್ಯ ಹೇಳಿಕೊಳ್ಳಬೇಕು. ಪರದೆಯಲ್ಲಿ ಇಂಥ ಸಾಲುಗಳು ಬಂದಾಗ ನಾನು ಓದುವುದು ಕೊನೆಯ ಒಂದನ್ನು ಮಾತ್ರ. ಮೇಲಿನದ್ದೆಲ್ಲ ನೋಡಿ ನೋಡಿ ಬಾಯಿಪಾಠವಾಗಿದೆ ಎಂಬ ಭ್ರಮೆ. ವೈದ್ಯರು ರೋಗಿಯ ಮಾತು ಪೂರ್ತಿ ಕೇಳದೆ ಚೀಟಿ ಬರೆದರೆ ನಾವು ಮನೆಗೆ ಬಂದು ಬೈಯುತ್ತೇವೆ. ನಾನು ಮಾಡುತ್ತಿದ್ದದ್ದು ಅದೇ ಕೆಲಸ. ವಿಫಲ ಎಂದರೆ ಇಂಟರ್ನೆಟ್ಟಿನ ದೋಷ ಎಂದು ತೀರ್ಮಾನಿಸಿ ಸಭಾಭವನದ ಸಂಪರ್ಕ ಬಿಟ್ಟು ನನ್ನ ಮೊಬೈಲಿನ ಸಂಪರ್ಕ ಕೊಟ್ಟೆ. ವಿಫಲ. ಮೊಬೈಲು ಹಿಡಿದು ಕಿಟಕಿಯ ಬಳಿ ನಿಂತೆ, ಆಮೇಲೆ ಟೆರೇಸಿಗೆ ಹೋದೆ. ವಿಫಲ. ಹೊರಗಿನಿಂದ ಬರುವವರನ್ನು ತಡೆಯುವ ಕಾವಲು ವ್ಯವಸ್ಥೆಯನ್ನು ತೆಗೆದುಹಾಕಿದೆ. ವಿಫಲ. "ಮೂರು ಗಂಟೆ ಆಗಲಿಲ್ಲ ಇನ್ನೂ" ಎಂದರು ಟೀಚರು, ಉಪ್ಪಿನಕಾಯಿ ಚೀಪುತ್ತ. ಮೂರು ಗಂಟೆಯಾಯಿತು. ಆಗಲೂ ವಿಫಲವಾದಾಗ ಒಳಗೊಳಗೇ ನನಗೆ ಒಂಥರಾ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ತಪ್ಪು ರಾಹುವಿನದ್ದಂತೂ ಅಲ್ಲ.

ಅಷ್ಟರಲ್ಲಿ ಗುಡುಗಿತು. ನವರಾತ್ರಿ ಕಳೆದ ಮೇಲೆ ನಮ್ಮಲ್ಲಿ ಮಧ್ಯಾಹ್ನ ಮೇಲೆ ಬರುವ ಗುಡುಗಿಗೆ ಹೇಳಿಕೇಳುವ ಕ್ರಮ ಇಲ್ಲ. ಕಾಪುವಿನಲ್ಲಿ ಹುಟ್ಟಿದವರಿಗೆ ಗುಡುಗು ಕೇಳಿದ ಕೂಡಲೇ ಕೈ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತದೆ. ನಾನು ಪೂರ್ತಿ ವ್ಯವಸ್ಥೆಯನ್ನು ಎರಡನೇ ಸಲ ಹಾಕುತ್ತಿದ್ದೆ, ಅರ್ಧಕ್ಕೆ ಬಂದಿತ್ತು. ಬೇಡ ಎಂದು ಬಾಯಿ ತೆರೆಯುವ ಮೊದಲೇ ಟೀಚರು ಫ್ಯಾನಿನ ಸ್ವಿಚ್ಚು, ದೀಪದ ಸ್ವಿಚ್ಚು, ಸರ್ವರಿನ ಪ್ಲಗ್ಗು ಎಲ್ಲ ತೆಗೆದು ಮುಗಿಸಿ, "ಸಿಡಿಲಿಗೆ ನಿನ್ನ ಸರ್ವರು ಗಿರ್ವರು ಗೊತ್ತಾಗುದಿಲ್ಲ" ಎಂದರು. ಮಳೆ ನಿಲ್ಲುವವರೆಗೆ ಇಬ್ಬರೂ ಕತ್ತಲೆ ಕೋಣೆಯಲ್ಲಿ ಕುಳಿತು ಗೋಳಿಬಜೆ ತಿಂದೆವು. ಪ್ಲಗ್ಗು ಕಿತ್ತದ್ದೇ ಎಲ್ಲ ತೊಂದರೆಗೆ ಕಾರಣ ಎಂದು ಮನಸ್ಸಿನಲ್ಲೇ ಅವರ ಮೇಲೆ ಒಂದು ದೂರು ದಾಖಲಿಸಿಕೊಂಡೆ. ತೊಂದರೆ ಪ್ಲಗ್ಗು ಕೀಳುವ ಮೊದಲೇ ಇತ್ತಲ್ಲ ಎಂಬುದು ಗೋಳಿಬಜೆಯ ಕಾವಿನಲ್ಲಿ ಮರೆತುಹೋಗಿತ್ತು.

ಆ ಕತ್ತಲೆಯಲ್ಲಿ ಕುಳಿತಾಗ ಟೀಚರು ಕೇಳಿದರು, "ನೆನಪುಂಟಾ, ಆ ದಿವಸ ಕೂಡ ನೀನು ಇಂಥದ್ದೇ ಎಂತದೋ ಹಾಕ್ತಾ ಇದ್ದೆ." ನೆನಪಿಲ್ಲದೆ ಏನು. ಹದಿನಾರು ವರ್ಷದ ಹಿಂದಿನ ಮಾತು. ಇದೇ ಕೇಂದ್ರದ ಮೂಲಕ ಕಾರ್ಕಳದಲ್ಲೊಂದು ಹೆಣ್ಣು ನೋಡುವುದಿತ್ತು. ಅಮ್ಮನೂ ಟೀಚರೂ ಕಾಪುವಿನಿಂದ ಬಂದು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು, ನಾನು ಮಣಿಪಾಲದಿಂದ ನಾಲ್ಕು ಗಂಟೆಗೆ ಬಂದು ಸೇರುವುದು ಎಂದು ಮಾತು. ಆ ಕಾಲದಲ್ಲಿ ಡೇಟಾಬೇಸ್ ತಂತ್ರಾಂಶ ಸಿಡಿಗಳಲ್ಲಿ ಬರುತ್ತಿತ್ತು. ಮೊದಲನೆಯ ಸಿಡಿ ಹಾಕು, ಎರಡನೆಯದು ಹಾಕು ಎಂದು ಯಂತ್ರ ಕೇಳುತ್ತಿತ್ತು. ಮನುಷ್ಯನೊಬ್ಬ ಪಕ್ಕದಲ್ಲಿ ಕುಳಿತೇ ಇರಬೇಕಿತ್ತು. ಪರದೆಯ ಪಟ್ಟಿ ತೊಂಬತ್ತೆಂಟಕ್ಕೆ ಬಂದು ನಿಂತಿತು. ಈಗ ಆಗುತ್ತದೆ, ಇನ್ನೊಂದು ನಿಮಿಷ ಎಂದು ನಾನು ಕಾದೆ. ಆ ಒಂದು ನಿಮಿಷಕ್ಕೆ ಎರಡು ಗಂಟೆ ಹಿಡಿಯಿತು. ಕಾರ್ಕಳದಲ್ಲಿ ಬಸ್ಸಿಳಿದಾಗ ಅಮ್ಮನ ಕೈಯಲ್ಲಿದ್ದ ಮಲ್ಲಿಗೆಯ ಚೆಂಡು ಬಾಡಿತ್ತು. ಅಮ್ಮ ಬೈಯಲಿಲ್ಲ. "ಸೆಲ್ಲು ತೆಗೆದಿಟ್ಟ ಗಡಿಯಾರದ ಹಾಗೆ ನೀನು" ಎಂದು ತುಳುವಿನಲ್ಲಿ ಒಂದೇ ಮಾತು ಹೇಳಿ ಮುಂದೆ ನಡೆದಳು. ಆ ಸಂಜೆ ನೋಡಿದ ಹರಿಣಾಕ್ಷಿಯೇ ನನ್ನ ಹೆಂಡತಿ. ಎರಡು ಗಂಟೆ ಕಾಯಿಸಿದವನನ್ನು ಯಾಕೆ ಒಪ್ಪಿದೆ ಎಂದು ನಾನು ಕೇಳಿಲ್ಲ. ಕೇಳದಿರುವುದೇ ಕ್ಷೇಮ.

ಶುಕ್ರವಾರ ಇನ್ನೂ ಕೆಟ್ಟದಾಗಿತ್ತು. ವ್ಯವಸ್ಥೆಯನ್ನು ಮೂರನೇ ಸಲ ಬುಡದಿಂದ ಹಾಕಿದೆ. ಪ್ರತಿ ಸಲ ಆ ಎರಡು ಸಾಲು ಬಂದು ಕೀಲಿ ಒತ್ತಿರಿ ಎನ್ನುವುದು, ನಾನು ಒತ್ತುವುದು. ತಂತ್ರಾಂಶವನ್ನು ಇನ್ನೊಂದು ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಇಳಿಸಿ ತಂದೆ. ಅದು ತನಗೆ ಬೇಕಾದ ಇನ್ನೂ ಏಳು ಜನ ನೆಂಟರ ಹೆಸರು ಹೇಳಿ ಅವರಿಲ್ಲದೆ ಒಳಗೆ ಬರುವುದಿಲ್ಲ ಎಂದಿತು. ಆ ಏಳು ಮಂದಿಯನ್ನು ತರಲು ಹೋದರೆ ಅವರಿಗೆ ತಲಾ ಮೂರು ಮಂದಿ ನೆಂಟರು. ದಿಬ್ಬಣಕ್ಕೆ ಬಸ್ಸು ಸಾಲದ ಪರಿಸ್ಥಿತಿ. ಅಂತರ್ಜಾಲದಲ್ಲಿ ಹುಡುಕಿದರೆ ನನ್ನಂತೆಯೇ ಸಿಕ್ಕಿಬಿದ್ದ ಪರದೇಶದವರ ಗೋಳು ಪುಟಗಟ್ಟಲೆ ಸಿಕ್ಕಿತು. ಒಬ್ಬ ಎಲ್ಲ ವಿವರಿಸಿ, ಕೊನೆಗೆ "ಸರಿಯಾಯಿತು, ಧನ್ಯವಾದ" ಎಂದು ಬರೆದು ಹೇಗೆ ಸರಿಯಾಯಿತೆಂದು ಹೇಳದೆ ಹೋಗಿದ್ದ. ಅವನಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. "ನನ್ನ ಲ್ಯಾಪ್‌ಟಾಪಿನಲ್ಲೇ ಮಾಹಿತಿ ಬಿಚ್ಚಿ ಪಟ್ಟಿ ತೆಗೆದುಕೊಡ್ತೇನೆ ಟೀಚರ್" ಎಂದು ಕೊನೆಯ ಉಪಾಯ ಹೇಳಿದೆ. ಅವರು ಒಪ್ಪಲಿಲ್ಲ. "ಅದು ನಿನ್ನ ಆಫೀಸಿನದ್ದಲ್ವಾ? ಹೆಣ್ಣುಮಕ್ಕಳ ಫೋಟೋ, ಜಾತಕ ಉಂಟು ಇದರಲ್ಲಿ. ನನ್ನನ್ನು ನಂಬಿ ಕೊಟ್ಟದ್ದು. ಈ ಕೋಣೆ ಬಿಟ್ಟು ಹೊರಗೆ ಹೋಗಬಾರದು." ಸಂಜೆ ನಾನು ಚಾ ಕುಡಿದು ಮೇಲೆ ಬಂದಾಗ ಟೀಚರು ಕಬ್ಬಿಣದ ಕಪಾಟು ಖಾಲಿ ಮಾಡುತ್ತಿದ್ದರು. ಹಳೆಯ ಅರ್ಜಿಗಳನ್ನು ಕಟ್ಟು ಕಟ್ಟಿ ಚೀಲಕ್ಕೆ ತುಂಬುತ್ತಿದ್ದರು. ಕಾರ್ಕಳಕ್ಕೆ ಕಾರು ಓಡಿಸುವಾಗ ನನಗೆ ನಿಜವಾಗಿ ದುಃಖವಾಯಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ, ಪಾಠ ಹೇಳಿದವರು ಒಂದು ಕೋಣೆ ಉಳಿಸಿಕೊಡು ಎಂದರೆ ಉಳಿಸಲಾರದವನಾದೆನಲ್ಲ ಎಂದು ನಾಚಿಕೆಯಾಯಿತು.

ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. ಈ ಸಲ ನಾನೇ ಕಾದೆ. ಸೋತವನಿಗೆ ಎಲ್ಲ ಗ್ರಹಗಳ ಮೇಲೂ ಗೌರವ ಬರುತ್ತದೆ. ಹತ್ತೂವರೆಗೆ ಆದೇಶ ಕೊಟ್ಟೆ. ವಿಫಲ. ಟೀಚರು ಕನ್ನಡಕ ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಎಂತ ಹೇಳ್ತದೆ ಅದು? ಮೊದಲಿನಿಂದ ಓದು" ಎಂದರು. "ಅದೇನಿಲ್ಲ ಟೀಚರ್, ವಿಫಲ ಅಂತ." "ಅಷ್ಟುದ್ದ ಬರೆದದ್ದರಲ್ಲಿ ಒಂದೇ ಶಬ್ದವಾ? ಓದು." ತರಗತಿಯಲ್ಲಿ ಎದ್ದುನಿಂತು ಪಾಠ ಓದುವ ಹುಡುಗನಂತೆ ಮೇಲಿನಿಂದ ಓದಿದೆ. ನಾಲ್ಕನೆಯ ಸಾಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. "ಇದರ ಅರ್ಥ ಹೇಳು." "ಗುರುತುಪತ್ರ ಇನ್ನೂ ಸಿಂಧುವಾಗಿಲ್ಲ ಅಂತ." "ಅವಧಿ ಮುಗಿದಿದೆ ಅಂತಲಾ?" "ಅಲ್ಲ ಟೀಚರ್. ಇನ್ನೂ ಆಗಿಲ್ಲ ಅಂತ."

ಟೀಚರು ಜೀವಮಾನವಿಡೀ ಪಂಚಾಂಗ ನೋಡಿದವರು. "ಇನ್ನೂ ಆಗಿಲ್ಲ ಎಂದರೆ ಮುಂದೆ ಆಗ್ತದೆ ಅಂತ ಅಲ್ವಾ? ಮುಹೂರ್ತ ಇನ್ನೂ ಬರಲಿಲ್ಲ ಅಂತ ಹೇಳ್ತಾ ಉಂಟು ಮಾರಾಯ ಅದು. ಅದಕ್ಕೆ ಇವತ್ತು ಯಾವ ದಿನ ಅಂತ ಗೊತ್ತುಂಟಾ?" ಎಂದರು. ಸರ್ವರಿಗೆ ತಾರೀಕು ಕೇಳುವ ಆದೇಶ ನಾಲ್ಕೇ ಅಕ್ಷರದ್ದು. ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ದಿನ ನಾನೇ ಹೇಳಿಕೊಡುವಂಥದ್ದು. ಕೊಟ್ಟೆ. ಹದಿನಾರು ವರ್ಷದ ಹಿಂದಿನ ಜನವರಿ ತಿಂಗಳ ತಾರೀಕೊಂದನ್ನು ಅದು ಯಾವ ಸಂಕೋಚವೂ ಇಲ್ಲದೆ ಹೇಳಿತು.

ಯಂತ್ರದ ಲೆಕ್ಕದಲ್ಲಿ ಉಗ್ರಾಣದವರ ಆ ಗುರುತುಪತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಅದು ಹೇಳಿದ್ದು ನ್ಯಾಯವಾಗಿಯೇ ಇತ್ತು. ಹಾಗಾದರೆ ತಾರೀಕು ಯಾಕೆ ಮರೆಯಿತು? ಸರ್ವರನ್ನು ಇನ್ನೊಮ್ಮೆ ಚಾಲೂ ಮಾಡಿ, ಮೂರು ದಿನದಿಂದ ಓದದೆ ದಾಟಿಸುತ್ತಿದ್ದ ಆ ಎರಡು ಸಾಲುಗಳನ್ನು ಮೊದಲ ಬಾರಿಗೆ ಓದಿದೆ. 'ಒಳಗಿನ ಸೆಲ್ಲು ಕಾಣುತ್ತಿಲ್ಲ. ತಾರೀಕು, ಸಮಯ ಸರಿಪಡಿಸಿ.' ಅಷ್ಟೇ. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸಲು ಇಂಥ ಯಂತ್ರಗಳ ಒಳಗೆ ಬಿಲ್ಲೆಯಷ್ಟಗಲದ ಒಂದು ಸೆಲ್ಲು ಇರುತ್ತದೆ. ಮುಚ್ಚಳ ತೆಗೆದು ನೋಡಿದರೆ ಅದರ ಜಾಗ ಖಾಲಿ. ಖಾಲಿ ಜಾಗ ನೋಡುತ್ತಿದ್ದಂತೆ ಮೇ ತಿಂಗಳ ಕೊನೆಯ ಒಂದು ಭಾನುವಾರ ಕಣ್ಣ ಮುಂದೆ ಬಂತು. ಪಡುವಣದಲ್ಲಿ ಮೋಡ. ಬೆಡ್‌ಶೀಟು. ಮೊಣಕಾಲೂರಿ ಕುಳಿತು ಸ್ಕ್ರೂಡ್ರೈವರಿನಿಂದ ಸೆಲ್ಲು ಎಬ್ಬಿಸುತ್ತಿರುವ ನಾನು. ಥಂಡಿಗೆ ನೀರು ಬಿಟ್ಟು ಇಡೀ ಸಾಮಾನು ತಿಂದುಹಾಕುತ್ತದಲ್ಲ! ಅಂತರ್ಜಾಲವನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಸಣ್ಣದೊಂದು ಸೇವೆಯೂ ಸರ್ವರಿನಲ್ಲಿರುತ್ತದೆ. ಅದಾದರೂ ನನ್ನನ್ನು ಉಳಿಸುತ್ತಿತ್ತು. ಅನಗತ್ಯವೆಂದು ಮೂರು ಸಲವೂ ನನ್ನ ಕೈಯಾರೆ ನಿಲ್ಲಿಸಿದ್ದು ಅದನ್ನೇ.

ಮನೆಗೆ ಫೋನು ಮಾಡಿದೆ. "ಹರಿಣಿ, ಸಾಸಿವೆ ಡಬ್ಬಿ ಒಮ್ಮೆ ನೋಡು." ಅವಳು ನೋಡಲು ಹೋಗಲೇ ಇಲ್ಲ. "ಚಪ್ಪಟೆ ಸೆಲ್ಲಾ? ಉಂಟು. ಒಗ್ಗರಣೆಗೆ ಕೈ ಹಾಕುವಾಗೆಲ್ಲ ಸಿಗ್ತದೆ. ಯಾವುದರದ್ದು ಅಂತ ಜೂನಿನಿಂದ ಕೇಳಬೇಕೂಂತ ಇದ್ದೆ, ನೀವು ಮಾತಿಗೆ ಸಿಕ್ಕಿದರಲ್ವಾ?" ಎಂದಳು. ಸೆಲ್ಲನ್ನು ಸೋಮವಾರ ತಂದು ಹಾಕುವುದು, ಅಲ್ಲಿಯವರೆಗೆ ಎಷ್ಟೇ ಗುಡುಗಿದರೂ ಪ್ಲಗ್ಗು ಕೀಳಬಾರದು ಎಂದು ಟೀಚರ ಕೈ ಹಿಡಿದು ಬೇಡಿಕೊಂಡೆ. ಅವರು ಆಕಾಶ ನೋಡಿ, ಅರೆಮನಸ್ಸಿನಿಂದ ಒಪ್ಪಿದರು. ನಾನು ತಾರೀಕು ಸರಿಮಾಡಲು ಹೊರಟಾಗ, "ಸ್ವಲ್ಪ ನಿಲ್ಲು" ಎಂದು ಪರದೆಯನ್ನೇ ನೋಡಿದರು. "ಆ ಜನವರಿಯಲ್ಲಿ ನಿನ್ನ ಅಮ್ಮ ಇದ್ದರು. ನಮ್ಮ ಯಜಮಾನರೂ ಇದ್ದರು. ಇದನ್ನು ಹೀಗೇ ಬಿಟ್ಟರೆ ಪಟ್ಟಿಯಲ್ಲಿ ಎಲ್ಲರ ಪ್ರಾಯ ಹದಿನಾರು ವರ್ಷ ಕಡಿಮೆ ತೋರಿಸ್ತಿತ್ತು ಅಲ್ವಾ?" ಎಂದರು. ಹೌದು ಎಂದೆ. ಆ ಯಂತ್ರ ನಂಬಿದ್ದ ಲೋಕದಲ್ಲಿ ಅಮ್ಮ ಒಲೆಯ ಮುಂದೆ ಇದ್ದಳು, ರೇಡಿಯೋದ ಸೆಲ್ಲು ರೇಡಿಯೋದಲ್ಲೇ ಇತ್ತು, ನಾನಿನ್ನೂ ಕಾರ್ಕಳದ ಬಸ್ಸು ಹತ್ತಿರಲಿಲ್ಲ. ಅಳಿಸಲು ನನಗೂ ಮನಸ್ಸಾಗಲಿಲ್ಲ. "ಹಾಕು ಹಾಕು, ಹಾಗೇ ಬಿಟ್ಟರೆ ಹುಡುಗಿಯರ ಕಡೆಯವರಿಗೆ ಸುಳ್ಳು ಹೇಳಿದ ಹಾಗಾಗ್ತದೆ" ಎಂದು ಕ್ಯಾಲೆಂಡರು ನೋಡಿ ಅವರೇ ಅಂದಿನ ತಾರೀಕು ಹೇಳಿದರು. ಗೋಡೆ ಗಡಿಯಾರ ನೋಡಿ ಗಂಟೆ ಹೇಳಿದರು. ನಾನು ಅದನ್ನೇ ಸರ್ವರಿಗೆ ಬರೆದುಕೊಟ್ಟೆ.

ಆಮೇಲೆ ಡೇಟಾಬೇಸ್ ಹಾಕಲು ಹಿಡಿದದ್ದು ಆರು ನಿಮಿಷ. ಏಳು ನೆಂಟರು, ಅವರ ನೆಂಟರು ಎಲ್ಲ ಕರೆಯದೆಯೇ ಬಂದು ಕುಳಿತರು. ಭಾನುವಾರದ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಕಳದ ಸಮಾವೇಶದಲ್ಲಿ ಮುದ್ರಿತ ಪಟ್ಟಿಗಿಂತ ಟೀಚರ ಕುರ್ಚಿಯ ಮುಂದಿನ ಸಾಲೇ ಉದ್ದವಿತ್ತು. ಮೊಬೈಲಿನಲ್ಲಿ ಎಲ್ಲ ನೋಡಿಕೊಂಡು ಬಂದವರೂ, "ಟೀಚರೇ, ಆ ಮನೆಯವರು ಹೇಗೆ?" ಎಂದು ತಗ್ಗಿದ ದನಿಯಲ್ಲಿ ಕೇಳಲು ಅಲ್ಲಿ ನಿಂತಿದ್ದರು. ಆ ಸಾಲಿನಲ್ಲಿ ತಂಗಿಯ ಮಗಳ ಜಾತಕ ಹಿಡಿದುಕೊಂಡು ಏಳನೆಯವರಾಗಿ ನಿಂತವರು ಅಧ್ಯಕ್ಷರು. ಅಡುಗೆ ಪಾತ್ರೆಗಳಿಗೆ ಈಗ ಕೆಳಗಿನ ಜಗಲಿಯಲ್ಲಿ ಕಪಾಟು ಮಾಡಿಸಿದ್ದಾರೆ.

ಆದರೆ ಶನಿವಾರದ ಒಂದು ಮಾತು ಉಳಿದಿದೆ. ಮಾಹಿತಿಯೆಲ್ಲ ಹೊಸ ಸರ್ವರಿಗೆ ಬಂದ ಮೇಲೆ ಸರಿಯಾಗಿ ಬಂತೋ ಇಲ್ಲವೋ ಎಂದು ಪರೀಕ್ಷಿಸಬೇಕಿತ್ತು. "ಯಾರ ಹೆಸರು ಹುಡುಕಲಿ?" ಎಂದೆ. "ನಿನ್ನದೇ ಹುಡುಕು" ಎಂದರು ಟೀಚರು. ಷರಾ ಯಾರೂ ನೋಡುವಂತಿಲ್ಲ ಎಂಬ ನಿಯಮವನ್ನು ಅವರು ಮುರಿದದ್ದು ಅದೊಂದೇ ಸಲ. ಕೂದಲು ತುಂಬಿದ ತಲೆಯ ಒಬ್ಬ ಯುವಕನ ಫೋಟೋ ಬಂತು. ಕೆಳಗೆ ಬರೆದಿತ್ತು: "ಹುಡುಗ ಬುದ್ಧಿವಂತ. ತಾಯಿಯ ಮಾತು ಚಾಚೂ ತಪ್ಪದೆ ಪಾಲಿಸುತ್ತಾನೆ. ಗಡಿಯಾರ ನೋಡುವ ಅಭ್ಯಾಸ ಇಲ್ಲ. ತಾಳ್ಮೆ ಇರುವ ಹುಡುಗಿ ಆಗಬೇಕು." ಟೀಚರು ಇನ್ನೊಂದು ಹೆಸರು ತೆಗೆಯಿಸಿದರು. ಹರಿಣಾಕ್ಷಿ. "ಎರಡು ಗಂಟೆ ಕಾದರೂ ಮುಖ ಗಂಟು ಹಾಕಲಿಲ್ಲ. ಆಗಬಹುದು." ಹದಿನಾರು ವರ್ಷ ನಾನು ಕೇಳಲು ಹೆದರಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು.

"ಓದುವುದು ಆಯ್ತಲ್ಲ. ಬರೆದದ್ದು ಉಳಿಯುತ್ತದಾ ನೋಡಬೇಕು. ನಿನ್ನದಕ್ಕೆ ಒಂದು ಸಾಲು ಸೇರಿಸು, ನಾನು ಹೇಳ್ತೇನೆ" ಎಂದರು. ಬೆರಳು ಕೀಲಿಗಳ ಮೇಲಿಟ್ಟು ಕಾದೆ. ಉಕ್ತಲೇಖನ ಕೊಡುವಾಗಿನ ಅದೇ ಹಳೆಯ ದನಿಯಲ್ಲಿ, ಶಬ್ದ ಶಬ್ದ ಬಿಡಿಸಿ ಹೇಳಿದರು: "ಹದಿನಾರು ವರ್ಷಗಳ ನಂತರವೂ ಬದಲಾವಣೆ ಕಂಡುಬಂದಿಲ್ಲ." ತಪ್ಪಿಲ್ಲದೆ ಬರೆದು ಉಳಿಸಿದೆ. ಆ ಸರ್ವರಿನಲ್ಲಿ ಮೊತ್ತಮೊದಲು ದಾಖಲಾದ ಸಾಲು ಅದು. ಪಕ್ಕದಲ್ಲಿ ಬಿದ್ದ ತಾರೀಕು, ಗಂಟೆ, ನಿಮಿಷ ಎಲ್ಲ ಸರಿಯಾಗಿದ್ದವು.